ಅರ್ಜಿಗಿಂತ ಮೊದಲು ಲೆಕ್ಕ

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ವಾಚನಾಲಯವೊಂದರಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ವಿಚ್ಛೇದನಕ್ಕೆ ಎಷ್ಟು ಖರ್ಚಾಗುತ್ತದೆ ಎಂದು ಕೇಳುವವರು ಸಾಮಾನ್ಯವಾಗಿ ವಕೀಲರ ಫೀಸನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳುತ್ತಾರೆ. ಫೀಸು ಖರ್ಚೇ ಹೌದು, ಆದರೆ ಒಟ್ಟು ಲೆಕ್ಕದಲ್ಲಿ ಸಣ್ಣದು. ನಿಜವಾಗಿ ಕೈ ಬರಿದಾಗುವುದು ಬೇರೆ ಮೂರು ಕಡೆ. ನಿನ್ನೆಯವರೆಗೆ ಒಂದು ಒಲೆಯಲ್ಲಿ ನಡೆಯುತ್ತಿದ್ದ ಸಂಸಾರ ಅದೇ ಆದಾಯದಲ್ಲಿ ಎರಡು ಒಲೆ ಹಚ್ಚಬೇಕಾಗುತ್ತದೆ. ಕೋರ್ಟಿನ ಅಲೆದಾಟದಲ್ಲಿ ವರ್ಷಗಳು ಕಳೆಯುತ್ತವೆ, ಅಷ್ಟು ದಿನಗಳ ದುಡಿಮೆಯೂ ಹೋಗುತ್ತದೆ. ಇನ್ನು ಮೂರನೆಯದು, ನಮ್ಮದೇ ಆದ ಚಿನ್ನ, ಹಣ, ಪಾಲು. ಒಂದು ಚೀಟಿಯನ್ನೂ ಇಟ್ಟುಕೊಳ್ಳದ ಕಾರಣಕ್ಕೆ ಇವು ಕೈತಪ್ಪುತ್ತವೆ. ಬ್ಯಾಂಕಿನಲ್ಲಿದ್ದಾಗಲೂ, ಈಗ ಉಚಿತ ಕಾನೂನು ನೆರವು ಬೇಕಾದವರ ಜೊತೆ ಓಡಾಡುವಾಗಲೂ ನಾನು ಹೆಚ್ಚು ಕಂಡದ್ದು ಈ ಮೂರನೆಯ ನಷ್ಟವನ್ನು. ಹಾಗಾಗಿ ಇವತ್ತು ಹೆಚ್ಚು ಹೊತ್ತು ಅದರ ಬಗ್ಗೆಯೇ ಮಾತನಾಡುತ್ತೇನೆ.

ಬಿಡಬೇಕೋ, ಬಾಳಬೇಕೋ ಎಂಬುದು ನಿಮ್ಮ ತೀರ್ಮಾನ. ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಒಂದು ಮಾತನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಹೊಡೆತ ತಿನ್ನುತ್ತಿರುವವರು ನಾನು ಹೇಳುವ ಕಾಗದಪತ್ರಗಳನ್ನೆಲ್ಲ ಜೋಡಿಸುತ್ತಾ ಕೂರಬಾರದು. ಮಕ್ಕಳನ್ನು ಕರೆದುಕೊಂಡು ಹೊರಟುಬಿಡಿ. 112 ಇದೆ, ಮಹಿಳೆಯರ ಸಹಾಯವಾಣಿ 181 ಇದೆ. ಕಾಗದಗಳನ್ನು ಆಮೇಲೆ ಕೋರ್ಟಿನ ಮೂಲಕವೂ ತರಿಸಬಹುದು.

ಈಗ ಎರಡು ಒಲೆಯ ಲೆಕ್ಕ. ಒಂದು ಕಲ್ಪಿತ ಸಂಸಾರವನ್ನು ತೆಗೆದುಕೊಳ್ಳೋಣ. ಗಂಡನಿಗೆ ಮಂಗಳೂರಿನಲ್ಲಿ ಕೆಲಸ, ಕೈಗೆ ಬರುವ ಸಂಬಳ 38,000 ರೂಪಾಯಿ. ಹೆಂಡತಿ ಅನುದಾನವಿಲ್ಲದ ಶಾಲೆಯಲ್ಲಿ ಟೀಚರ್, 12,000 ರೂಪಾಯಿ. ಒಬ್ಬಳು ಮಗಳು. ಇಷ್ಟು ದಿನ ಗಂಡನ ಹಿರಿಯರ ಮನೆಯಲ್ಲಿದ್ದರು, ಬಾಡಿಗೆ ಇರಲಿಲ್ಲ, ತೋಟದ ತೆಂಗಿನಕಾಯಿ, ಹಿತ್ತಿಲ ತರಕಾರಿ ಇತ್ತು. ಆಕೆ ಮಗಳೊಂದಿಗೆ ಕುಂಬಳೆಯಲ್ಲಿ ಮನೆ ಮಾಡಿದಳು ಎಂದುಕೊಳ್ಳಿ. ಬಾಡಿಗೆ 7,000, ಅಡುಗೆ ಸಾಮಾನು, ಹಾಲು, ಮೀನು ಎಲ್ಲ ಸೇರಿ 9,000, ಶಾಲೆಯ ಫೀಸು ಮತ್ತು ಬಸ್ಸಿಗೆ 4,500, ಕರೆಂಟು, ಗ್ಯಾಸು, ಮೊಬೈಲಿಗೆ 2,000, ಔಷಧಿಗೆ 1,500, ಓಡಾಟಕ್ಕೆ 1,500. ಒಟ್ಟು 25,500. ಆಕೆಯ ಸಂಬಳ ಕಳೆದರೆ ತಿಂಗಳಿಗೆ 13,500 ಕೊರತೆ.

ಜೀವನಾಂಶ ಬರುತ್ತದಲ್ಲ ಎನ್ನುತ್ತೀರಿ. ಇಂತಿಷ್ಟೇ ಕೊಡಬೇಕು ಎಂಬ ಲೆಕ್ಕ ಯಾವ ಕಾಯ್ದೆಯಲ್ಲೂ ಇಲ್ಲ. ಗಂಡನ ನಿವ್ವಳ ಸಂಬಳದ ಶೇಕಡಾ 25ರಷ್ಟು ನ್ಯಾಯವಾದದ್ದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಹೇಳಿತು. ಜನ ಅದನ್ನೇ ಕಾನೂನು ಎಂದು ಹಿಡಿದುಕೊಂಡಿದ್ದಾರೆ. ಅದು ಒಂದು ಅಂದಾಜು ಅಷ್ಟೇ. ಹೆಂಡತಿಗೆ ಸ್ವಂತ ದುಡಿಮೆ ಇದ್ದರೆ ಇನ್ನೂ ಕಡಿಮೆಯಾಗಬಹುದು, ಮಕ್ಕಳ ಜವಾಬ್ದಾರಿ ಇದ್ದರೆ ಹೆಚ್ಚಾಗಬಹುದು. ಶೇಕಡಾ 25 ಸಿಕ್ಕಿತು ಎಂದೇ ಇಟ್ಟುಕೊಂಡರೂ 9,500 ಆಯಿತು. ಇನ್ನೂ 4,000 ಕೊರತೆ ಉಳಿಯಿತು. ಅದೂ ಆದೇಶ ಕೈಗೆ ಬಂದ ಮೇಲೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ಎದುರಿನವರಿಗೆ ನೋಟಿಸು ತಲುಪಿದ 60 ದಿನಗಳೊಳಗೆ ಆದಷ್ಟೂ ತೀರ್ಮಾನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಆದರೆ ನೋಟಿಸು ಮುಟ್ಟಬೇಕು, ಅವರು ವಕೀಲರನ್ನು ಇಡಬೇಕು, ಆಕ್ಷೇಪ ಸಲ್ಲಿಸಬೇಕು. ನಾನು ಕೇಳುವವರಿಗೆಲ್ಲ ಆರು ತಿಂಗಳ ಕೊರತೆಯನ್ನು ಕೈಯಲ್ಲಿಟ್ಟುಕೊಳ್ಳಿ ಎನ್ನುತ್ತೇನೆ. ಈ ಸಂಸಾರದಲ್ಲಿ ಅದು 81,000 ರೂಪಾಯಿ. ಮನೆಯ ಅಡ್ವಾನ್ಸು, ಪಾತ್ರೆ, ಹಾಸಿಗೆ, ಗ್ಯಾಸ್ ಸಂಪರ್ಕ ಬೇರೆ. ಇಷ್ಟು ಹಣ ಕೈಯಲ್ಲಿಲ್ಲದವರು ಏನು ಮಾಡುತ್ತಾರೆ ಗೊತ್ತೇ? ಮೂರನೆಯ ತಿಂಗಳಿಗೆ ಸೋತು ಹೋಗಿ, ಎದುರಿನವರು ಹೇಳಿದ ಮೊತ್ತಕ್ಕೆ ಸಹಿ ಹಾಕುತ್ತಾರೆ. ಅದನ್ನು ಊರಿನವರು ರಾಜಿ ಎನ್ನುತ್ತಾರೆ. ನನಗೆ ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಹಣ ಇಡುವುದು ಎಲ್ಲಿ? ನಿಮ್ಮ ಒಬ್ಬರದೇ ಹೆಸರಿನ ಖಾತೆಯಲ್ಲಿ. ಖಾತೆ ನಿಮ್ಮದಾದರೆ ಸಾಲದು, ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್ ಯಾರದೆಂದು ನೋಡಿ. ನಮ್ಮ ಕಡೆ ಎಷ್ಟೋ ಹೆಂಗಸರ ಖಾತೆಯ ಒಟಿಪಿ ಹೋಗುವುದು ಗಂಡನ ಮೊಬೈಲಿಗೆ. ಆಧಾರ್‌ಗೂ ಅದೇ ನಂಬರ್. ಸರ್ಕಾರಿ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರಕ್ಕೆ ಹೋಗಿ ಆಧಾರ್‌ನಲ್ಲಿ ನಿಮ್ಮ ನಂಬರ್ ಹಾಕಿಸಿ, ಆಮೇಲೆ ಬ್ಯಾಂಕಿನಲ್ಲಿ ಬದಲಾಯಿಸಿ. ಗಂಡಸರಿಗೂ ಇದನ್ನೇ ಹೇಳುತ್ತೇನೆ. ಜಂಟಿ ಖಾತೆಯನ್ನು ಇಬ್ಬರಲ್ಲಿ ಯಾರು ಬೇಕಾದರೂ ಬರಿದು ಮಾಡಬಹುದಾದ ರೀತಿಯಲ್ಲಿ ತೆರೆದಿದ್ದರೆ, ಅದರಿಂದ ಆಗುವ ಜಗಳ ಕೋರ್ಟಿನಲ್ಲಿ ಇನ್ನೊಂದು ಕೇಸಾಗುತ್ತದೆ.

ಇನ್ನು ಆಸ್ತಿ. ಇಲ್ಲಿ ಬಹಳ ಜನರಿಗೆ ತಪ್ಪು ತಿಳಿವಳಿಕೆಯಿದೆ. ಮದುವೆಯಾದ ಮೇಲೆ ಸಂಪಾದಿಸಿದ್ದೆಲ್ಲ ಅರ್ಧ ಅರ್ಧ ಎಂಬ ಕಾನೂನು ನಮ್ಮ ದೇಶದಲ್ಲಿಲ್ಲ. ದಸ್ತಾವೇಜಿನಲ್ಲಿ ಯಾರ ಹೆಸರಿದೆಯೋ ಆಸ್ತಿ ಅವರದು. ಮಾವನ ಹೆಸರಿನ ತೋಟದಲ್ಲಿ ಹದಿನೈದು ವರ್ಷ ಅಡಿಕೆ ಹೆಕ್ಕಿ, ಸುಲಿದು, ಒಣಗಿಸಿದ ಸೊಸೆಗೆ ಆ ತೋಟದಲ್ಲಿ ಒಂದು ಸೆಂಟ್ಸ್ (ಎಕರೆಯ ನೂರನೇ ಒಂದು ಭಾಗ) ಜಾಗವೂ ವಿಚ್ಛೇದನದಿಂದ ಬರುವುದಿಲ್ಲ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ, ಆದರೆ ಸದ್ಯದ ಸ್ಥಿತಿ ಇದೇ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಆಕೆಗೆ ಆ ಮನೆಯಲ್ಲಿ ವಾಸಿಸುವ ಹಕ್ಕನ್ನು ಕೊಡುತ್ತದೆ. ಅತ್ತೆ ಮಾವನ ಹೆಸರಿನ ಮನೆಯಾದರೂ ಈ ಹಕ್ಕನ್ನು ಕೇಳಬಹುದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಾಸದ ಹಕ್ಕು ಬೇರೆ, ಒಡೆತನ ಬೇರೆ. ಆದ್ದರಿಂದ ಮನೆ ಕಟ್ಟಲು ನಿಮ್ಮ ಸಂಬಳದಿಂದ ಹಣ ಕೊಟ್ಟಿದ್ದರೆ, ನಿಮ್ಮ ಚಿನ್ನ ಮಾರಿ ಬಾವಿ ತೋಡಿಸಿದ್ದರೆ, ಆ ಹಣ ನಿಮ್ಮ ಖಾತೆಯಿಂದ ಹೋದದ್ದಕ್ಕೆ ದಾಖಲೆ ಹುಡುಕಿ. ನಗದಾಗಿ ಕೊಟ್ಟದ್ದನ್ನು ಸಾಬೀತು ಮಾಡುವುದು ತೀರಾ ಕಷ್ಟ.

ಒಂದು ಮಾತು ಬದಿಗೆ. ತಾಯಿಯ ಕಡೆಯಿಂದ ವಂಶವೂ ಆಸ್ತಿಯೂ ನಡೆಯುವ ನಮ್ಮ ಅಳಿಯಸಂತಾನದ ಕುಟುಂಬಗಳಲ್ಲಿ ಹೆಣ್ಣು ಗಂಡನನ್ನು ಬಿಟ್ಟು ಬಂದರೆ ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಯೇ ಇರಲಿಲ್ಲ. ಕುಟುಂಬದ ಮನೆ ಆಕೆಯದೇ, ಆಕೆಯ ಮಕ್ಕಳದೇ. ಯಜಮಾನಿಕೆ ಸೋದರಮಾವನ ಕೈಯಲ್ಲಿದ್ದರೂ ಅನ್ನ ಮತ್ತು ಸೂರು ಖಚಿತವಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲು ಕೇಳಲು ಅವಕಾಶ ಮಾಡಿತು. ಕೇರಳದಲ್ಲಿ 1975ರ ಕಾಯ್ದೆ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದು ಮಾಡಿತು, 1976ರ ಡಿಸೆಂಬರ್ 1ರಿಂದ ಅದು ಜಾರಿಗೆ ಬಂತು. ಪಾಲಾಯಿತು, ಹಲವು ಕಡೆ ಒಳ್ಳೆಯದೂ ಆಯಿತು. ಆದರೆ ಪಾಲು ಸಿಕ್ಕ ಹೆಣ್ಣುಮಕ್ಕಳಲ್ಲಿ ಅನೇಕರು ಅದನ್ನು ಮಾರಿ ಗಂಡನ ಜಾಗದಲ್ಲಿ ಮನೆ ಕಟ್ಟಲು ಹಾಕಿದರು. ಹಿಂದಿರುಗಿ ಬರಲು ಮನೆಯೂ ಇಲ್ಲ, ಹೋದ ಹಣಕ್ಕೆ ಹೆಸರೂ ಇಲ್ಲ. ಇಲ್ಲಿ ಕುಳಿತಿರುವ ತಂದೆ ತಾಯಂದಿರು ದಯವಿಟ್ಟು ಇದನ್ನು ಯೋಚಿಸಿ. ಮಗಳ ಪಾಲು ಮಗಳ ಹೆಸರಿನಲ್ಲಿಯೇ ಉಳಿಯಲಿ. ತಮ್ಮನಿಗೆ ಹಕ್ಕು ಬಿಟ್ಟುಕೊಡುವ ಕಾಗದಕ್ಕೆ ಮದುವೆಯ ಗಡಿಬಿಡಿಯಲ್ಲಿ ಆಕೆಯ ಸಹಿ ಹಾಕಿಸಬೇಡಿ.

ಚಿನ್ನದ ವಿಷಯಕ್ಕೆ ಬರುತ್ತೇನೆ. ನಮ್ಮ ಊರಿನಲ್ಲಿ ಹೆಣ್ಣಿನ ಬಹುಪಾಲು ಸ್ವಂತ ಸಂಪತ್ತು ಇರುವುದು ಚಿನ್ನದಲ್ಲಿಯೇ. ಮದುವೆಯಲ್ಲಿ ಆಕೆಗೆ ಬಂದದ್ದು ಸ್ತ್ರೀಧನ, ಅದು ಸಂಪೂರ್ಣ ಆಕೆಯದು. 1985ರಲ್ಲಿಯೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತ್ತು. 2024ರ ಏಪ್ರಿಲ್‌ನಲ್ಲಿ ಬಂದ ಇನ್ನೊಂದು ತೀರ್ಪು ಕೇರಳದ್ದೇ ಪ್ರಕರಣದ್ದು. 89 ಪವನ್ (ಒಂದು ಪವನ್ ಎಂದರೆ 8 ಗ್ರಾಂ) ಚಿನ್ನವನ್ನು ಮದುವೆಯ ಮೊದಲ ರಾತ್ರಿಯೇ ಜೋಪಾನದ ಹೆಸರಿನಲ್ಲಿ ತೆಗೆದುಕೊಂಡು, ಗಂಡನ ಮನೆಯವರ ಸಾಲಕ್ಕೆ ಬಳಸಿದ್ದರು ಎಂಬುದು ದೂರು. ಗಂಡನಿಗೆ ಸ್ತ್ರೀಧನದ ಮೇಲೆ ಹಕ್ಕಿಲ್ಲ, ಕಷ್ಟಕ್ಕೆ ಬಳಸಿದರೂ ಹಿಂದಿರುಗಿಸುವುದು ಅವನ ಕರ್ತವ್ಯ ಎಂದು ಹೇಳಿದ ಕೋರ್ಟ್ 25 ಲಕ್ಷ ರೂಪಾಯಿ ಕೊಡಿಸಿತು. ತೀರ್ಪು ಚೆನ್ನಾಗಿದೆ. ಆದರೆ ಅಲ್ಲಿಯವರೆಗೆ ಹೋಗಬೇಕಾದರೆ, ಎಷ್ಟು ಪವನ್ ಇತ್ತು, ಯಾರ ಕೈಗೆ ಹೋಯಿತು ಎಂದು ತೋರಿಸಬೇಕು. ಅಂಗಡಿಯ ಬಿಲ್ಲು, ಮದುವೆಯ ಆಲ್ಬಂ, ವಿಡಿಯೊ ಎಲ್ಲವೂ ಸಾಕ್ಷ್ಯವೇ. ವರದಕ್ಷಿಣೆ ನಿಷೇಧ ಕಾಯ್ದೆಯ ಅಡಿಯಲ್ಲಿ 1985ರ ನಿಯಮಗಳಿವೆ. ವಧೂವರರಿಗೆ ಬಂದ ಉಡುಗೊರೆಗಳ ಪಟ್ಟಿ ಮಾಡಿ ಸಹಿ ಹಾಕಬೇಕು ಎಂದು ಅವು ಹೇಳುತ್ತವೆ. ಪಟ್ಟಿ ಮಾಡಿದವರು ಇಲ್ಲಿ ಎಷ್ಟು ಮಂದಿ ಇದ್ದೀರಿ? ಕೈಗಳೇ ಏಳುತ್ತಿಲ್ಲ.

ಬಿಲ್ಲೂ ಇಲ್ಲ, ಪಟ್ಟಿಯೂ ಇಲ್ಲ ಎಂದಾದರೆ ಏನು ಮಾಡುವುದು? ಚಿನ್ನದ ಸಾಲದ ಕೌಂಟರಿನಲ್ಲಿ ಕುಳಿತವಳಾಗಿ ನನಗೆ ತಿಳಿದ ಒಂದು ದಾರಿಯನ್ನು ಹೇಳುತ್ತೇನೆ. ಹೆಂಡತಿಯ ಚಿನ್ನ ಬಹಳ ಸಲ ಬ್ಯಾಂಕಿಗೋ ಸೊಸೈಟಿಗೋ ಹೋಗಿರುತ್ತದೆ. ಗೊಬ್ಬರಕ್ಕೆ, ಕೂಲಿಗೆ, ಗಲ್ಫಿನ ವೀಸಾಕ್ಕೆ, ನಾದಿನಿಯ ಮದುವೆಗೆ. ಅಡವು ಇಟ್ಟಾಗ ಕೊಡುವ ಚೀಟಿಯನ್ನು ಒಮ್ಮೆ ಬಿಡಿಸಿ ನೋಡಿ. ಅದರಲ್ಲಿ ಒಡವೆಗಳ ವಿವರ ಇರುತ್ತದೆ: ಬಳೆ ನಾಲ್ಕು, ಪದಕವಿರುವ ಸರ ಒಂದು, ಬೆಂಡೋಲೆ ಒಂದು ಜೊತೆ. ಪಕ್ಕದಲ್ಲಿ ಒಟ್ಟು ತೂಕ, ಕಲ್ಲು ಕಳೆದು ನಿವ್ವಳ ತೂಕ, ತಾರೀಕು, ಚಿನ್ನ ಪರೀಕ್ಷಿಸಿದವರ ಸಹಿ, ಅಡವಿಟ್ಟವರ ಸಹಿ. ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಯಾವುದಿದೆ? ಚಿನ್ನ ಇತ್ತು, ಇಷ್ಟು ತೂಕ ಇತ್ತು, ಇಂಥ ದಿನ ಗಂಡನೇ ಅಡವಿಟ್ಟ ಎಂಬುದನ್ನು ಸಂಬಂಧವಿಲ್ಲದ ಮೂರನೆಯವರು ಬರೆದಿಟ್ಟಿದ್ದಾರೆ. ಮದುವೆಯ ಫೋಟೋದಲ್ಲಿ ಅದೇ ಪದಕದ ಸರ ಕೊರಳಲ್ಲಿ ಕಂಡರೆ ಕೊಂಡಿ ಕೂಡಿಕೊಂಡಿತು. ಮನೆಯ ಕಪಾಟಿನಲ್ಲಿ ಹಳೆಯ ಚೀಟಿ ಸಿಕ್ಕರೆ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಚೀಟಿ ಸಿಗದಿದ್ದರೂ ಶಾಖೆಯ ಹೆಸರು ನೆನಪಿದ್ದರೆ ಸಾಕು, ದಾಖಲೆ ಹಾಜರುಪಡಿಸಲು ಕೋರ್ಟಿನಿಂದ ಆದೇಶ ಕೇಳಬಹುದು. ನೀವೇ ಹೋಗಿ ಕೇಳಿದರೆ ಬ್ಯಾಂಕಿನವರು ಕೊಡುವುದಿಲ್ಲ, ಕೊಡಬಾರದು ಕೂಡ. ಕೌಂಟರಿನಲ್ಲಿ ಕುಳಿತ ಹುಡುಗಿಯ ಮೇಲೆ ಸಿಟ್ಟಾಗಬೇಡಿ.

ಇಲ್ಲೊಂದು ಅಪಾಯವೂ ಇದೆ. ಗಂಡ ಹೆಂಡಿರು ಬೇರೆಯಾದ ಮೇಲೆ ಅಡವಿನ ಬಡ್ಡಿಯನ್ನು ಯಾರೂ ಕಟ್ಟುವುದಿಲ್ಲ. ಅವಧಿ ಮುಗಿಯುತ್ತದೆ, ಹರಾಜಿನ ನೋಟಿಸು ಅಡವಿಟ್ಟವರ ವಿಳಾಸಕ್ಕೆ ಹೋಗುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಹೋರಾಡಿ ಗೆಲ್ಲುವ ಹೊತ್ತಿಗೆ ಚಿನ್ನ ಕರಗಿಹೋಗಿರುತ್ತದೆ. ಹಾಗಾಗಿ ಅಡವಿನಲ್ಲಿರುವ ಚಿನ್ನದ ಬಗ್ಗೆ ವಕೀಲರಿಗೆ ಮೊದಲ ದಿನವೇ ಹೇಳಿ, ತಡೆಯಾಜ್ಞೆ ಕೇಳಿಸಿ. ಇನ್ನೊಂದು, ಅರ್ಜಿಯಲ್ಲಿ ಚಿನ್ನವನ್ನು ಪವನ್ ಲೆಕ್ಕದಲ್ಲಿ ಕೇಳಿ. ಇಲ್ಲವೇ ಹಿಂದಿರುಗಿಸುವ ದಿನದ ಮಾರುಕಟ್ಟೆ ಬೆಲೆ ಕೇಳಿ. ಮದುವೆಯ ವರ್ಷದ ಬೆಲೆಯನ್ನು ರೂಪಾಯಿಯಲ್ಲಿ ಬರೆದುಕೊಟ್ಟವರು ಇವತ್ತು ಅಷ್ಟು ಚಿನ್ನವನ್ನು ಕೊಳ್ಳಲಾರರು. ದೊಡ್ಡ ಮೊತ್ತ ಕೇಳಿದರೆ ಕೋರ್ಟ್ ಶುಲ್ಕವೂ ಬರುತ್ತದೆ. ಕೇರಳದ ಕುಟುಂಬ ನ್ಯಾಯಾಲಯಗಳಲ್ಲಿ ಆಸ್ತಿಯ ಅರ್ಜಿಗೆ ಮೊದಲು ಅದು ನಾಮಮಾತ್ರವಾಗಿತ್ತು, 2024ರ ರಾಜ್ಯ ಬಜೆಟ್‌ನಲ್ಲಿ ಏರಿಸಿದರು. ಸಲ್ಲಿಸುವ ದಿನದ ದರವನ್ನು ವಕೀಲರಲ್ಲಿ ಕೇಳಿ ಆ ಹಣವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸಂಬಳದವರ ಆದಾಯ ಕಂಡುಹಿಡಿಯುವುದು ಸುಲಭ. ಅಡಿಕೆಯವರದು ಕಷ್ಟ. "ನನಗೆ ಆದಾಯವೇ ಇಲ್ಲ, ತೋಟ ಅಪ್ಪನದು, ಕೊಳೆರೋಗ ಬಂದು ಫಸಲು ಹೋಯಿತು" ಎಂಬ ಉತ್ತರ ನಮ್ಮ ತಾಲೂಕುಗಳಲ್ಲಿ ಸಾಮಾನ್ಯ. ಕೆಲವೊಮ್ಮೆ ಅದು ಸತ್ಯ. ಎಷ್ಟೋ ಸಲ ಅಲ್ಲ. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಜೀವನಾಂಶದ ಎಲ್ಲ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚುಗಳನ್ನು ಅಫಿಡವಿಟ್‌ನಲ್ಲಿ ಘೋಷಿಸಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಎಂದೂ ಅದೇ ತೀರ್ಪು ಹೇಳಿದೆ. ಈ ಅಫಿಡವಿಟ್‌ನ ಸತ್ಯಾಸತ್ಯವನ್ನು ತೂಗಲು ಬೇರೆ ಕಾಗದ ಬೇಕು. ಅದೆಲ್ಲಿದೆ? ಬೆಳೆಸಾಲದ ಅರ್ಜಿಯಲ್ಲಿದೆ. ಸಾಲ ಕೇಳುವಾಗ ಎಷ್ಟು ಎಕರೆ, ಎಷ್ಟು ಫಲ ಕೊಡುವ ಮರ, ವರ್ಷಕ್ಕೆ ಎಷ್ಟು ಆದಾಯ ಎಂದು ಬರೆದು ಸಹಿ ಹಾಕಿರುತ್ತಾರೆ. ಸಾಲದ ಅರ್ಜಿಯಲ್ಲಿ ಬೆಳೆದ ಆದಾಯ ಜೀವನಾಂಶದ ಅಫಿಡವಿಟ್‌ನಲ್ಲಿ ಬಾಡಿಹೋಗಿದ್ದರೆ, ಎರಡೂ ಒಂದೇ ಸಹಿಯೆಂದು ನ್ಯಾಯಾಧೀಶರಿಗೆ ತೋರಿಸಬಹುದು. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೋ ಖಾಸಗಿ ಮಂಡಿಗೋ ಅಡಿಕೆ ಕೊಟ್ಟ ಬಿಲ್ಲುಗಳಿವೆ, ಹಣ ಖಾತೆಗೆ ಬಂದ ದಾಖಲೆಯಿದೆ.

ಮತ್ತೊಂದು ಸಂಗತಿಯನ್ನು ಪೇಟೆಯ ವಕೀಲರು ಕೇಳುವುದಿಲ್ಲ, ನೀವೇ ಹೇಳಬೇಕು. ಅಡಿಕೆ ಬೆಳೆಗಾರರ ಉಳಿತಾಯ ಬ್ಯಾಂಕಿನಲ್ಲಿರುವುದಿಲ್ಲ, ಅಟ್ಟದ ಮೇಲಿರುತ್ತದೆ. ಬೆಲೆ ಬರಲಿ ಎಂದು ಹೊಸ ಅಡಿಕೆಯನ್ನು ಹಳೆಯದಾಗಲು ಬಿಡುತ್ತಾರೆ, ಡಬಲ್ ಚೋಲ್, ಅಂದರೆ ಇನ್ನೂ ಹಳೆಯ ದರ್ಜೆ, ಆಗುವವರೆಗೂ ಇಡುವವರಿದ್ದಾರೆ. ಗೋಣಿಗಳಲ್ಲಿ ತುಂಬಿಟ್ಟ ಚಾಲಿ (ಒಣಗಿಸಿ ಸುಲಿದ) ಅಡಿಕೆ ಆಸ್ತಿಯೇ. ಮನೆ ಬಿಡುವಾಗ ಎಷ್ಟು ಗೋಣಿ ಇತ್ತು ಎಂದು ಬರೆದಿಟ್ಟುಕೊಂಡ ಒಬ್ಬಾಕೆಯನ್ನು ನಾನು ಬಲ್ಲೆ. ಶಾಲೆಯ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಪೆನ್ಸಿಲಿನಲ್ಲಿ, ಸುಲಿಯುವವರಿಗೆ ಕೊಟ್ಟ ಕೂಲಿಯ ಲೆಕ್ಕದ ಸಹಿತ. ಕೂಲಿಯ ಲೆಕ್ಕದಿಂದ ಫಸಲಿನ ಲೆಕ್ಕವನ್ನು ಹೊರಗೆ ತೆಗೆಯಬಹುದಲ್ಲವೇ? ಆಕೆಯ ವಕೀಲರು ಅದನ್ನೇ ಮಾಡಿದರು.

ಈಗ ಗಡಿಯ ಕಥೆ. ನಮ್ಮಲ್ಲಿ ಹೆಣ್ಣು ಕೊಡುವುದು, ತರುವುದು ಪುತ್ತೂರು, ಸುಳ್ಯ, ಬಂಟ್ವಾಳ, ಮಂಗಳೂರು ಕಡೆಯಿಂದ. ಸಂಬಂಧ ಮಾಡುವಾಗ ತಲಪಾಡಿಯಲ್ಲಿರುವ ಕೇರಳ-ಕರ್ನಾಟಕ ಗಡಿ ಕಾಣುವುದಿಲ್ಲ. ಬಿಡುವಾಗ ಕಾಣುತ್ತದೆ. ಹಿಂದೂ ವಿವಾಹ ಕಾಯ್ದೆಯಂತೆ ಮದುವೆ ನಡೆದ ಊರು, ಎದುರಿನವರು ವಾಸಿಸುವ ಊರು, ಕೊನೆಗೆ ಒಟ್ಟಿಗೆ ಬಾಳಿದ ಊರು, ಇವುಗಳಲ್ಲಿ ಎಲ್ಲಿ ಬೇಕಾದರೂ ಅರ್ಜಿ ಹಾಕಬಹುದು. ಹೆಂಡತಿ ಅರ್ಜಿದಾರಳಾದರೆ ಆಕೆ ಈಗ ಇರುವ ಊರಿನಲ್ಲೂ ಹಾಕಬಹುದು, ಇದು 2003ರಲ್ಲಿ ಸೇರಿದ್ದು. ಆಕೆ ಕಾಸರಗೋಡಿನಲ್ಲಿ ಹಾಕುತ್ತಾಳೆ, ಆತ ದಕ್ಷಿಣ ಕನ್ನಡದಲ್ಲಿ ಹಾಕುತ್ತಾನೆ. ಎರಡು ಕೇಸು, ಎರಡು ಕಡೆ ವಕೀಲರು. ಒಂದನ್ನು ಇನ್ನೊಂದು ಕಡೆಗೆ ವರ್ಗಾಯಿಸಬೇಕಾದರೆ? ಒಂದೇ ರಾಜ್ಯದೊಳಗಾದರೆ ಹೈಕೋರ್ಟ್ ಮಾಡುತ್ತದೆ. ಒಂದು ರಾಜ್ಯದಿಂದ ಇನ್ನೊಂದಕ್ಕಾದರೆ ಸುಪ್ರೀಂ ಕೋರ್ಟಿಗೇ ಹೋಗಬೇಕು. ಮಂಗಳೂರಿನಿಂದ ಕಾಸರಗೋಡಿಗೆ ಸುಮಾರು 50 ಕಿಲೋಮೀಟರ್, ರೈಲಿನಲ್ಲಿ ಒಂದು ಗಂಟೆಯ ಹಾದಿ. ಆ ಒಂದು ಗಂಟೆಯ ಹಾದಿಗೆ ದೆಹಲಿಯಲ್ಲಿ ವಕೀಲರನ್ನು ಇಡಬೇಕು. ಹಿರಿಯರ ಮಾತುಕತೆ ನಡೆಯುವುದಿದ್ದರೆ ಮೊದಲು ಇತ್ಯರ್ಥ ಮಾಡಬೇಕಾದ್ದು ಇದನ್ನೇ, ಯಾವ ಊರಿನ ಕೋರ್ಟು ಎಂಬುದನ್ನು. ಬೇರೆ ವಿಷಯಗಳಲ್ಲಿ ಜಗಳವಿದ್ದರೂ ಇದರಲ್ಲಿ ಒಪ್ಪಿದರೆ ಇಬ್ಬರ ಹಣವೂ ಉಳಿಯುತ್ತದೆ.

ಭಾಷೆಯ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಹಿರಿಯರ ದಸ್ತಾವೇಜುಗಳು ಕನ್ನಡದಲ್ಲಿವೆ, ವಿಲೇಜ್ ಆಫೀಸಿನ ಈಗಿನ ಕಾಗದಗಳು ಮಲಯಾಳದಲ್ಲಿ, ಗಂಡನ ಮನೆ ಆಚೆಯಾದರೆ ಪಹಣಿ ಕನ್ನಡದಲ್ಲಿ, ಕೋರ್ಟಿನ ಆದೇಶ ಇಂಗ್ಲಿಷಿನಲ್ಲಿ. ಕೇರಳದ ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬಂದ ನ್ಯಾಯಾಧೀಶರು ಕನ್ನಡ ಓದಲಾರರು. ಅನುವಾದ ಮಾಡಿಸಬೇಕಾಗಿ ಬರಬಹುದು, ಅದಕ್ಕೆ ಹಣವನ್ನೂ ಸಮಯವನ್ನೂ ಇಟ್ಟುಕೊಳ್ಳಿ. ಇದಕ್ಕಿಂತ ಮುಖ್ಯವಾದದ್ದು, ರಾಜಿಪತ್ರವನ್ನು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬರೆದು ತಂದು ಇಲ್ಲಿ ಸಹಿ ಹಾಕಿ ಎಂದರೆ, ಓದಲು ಬಾರದವರು ಹಾಕಬೇಡಿ. ಕನ್ನಡದಲ್ಲಿ ಓದಿ ಹೇಳಿ, ಕನ್ನಡದ ಪ್ರತಿ ಕೊಡಿ ಎಂದು ಕೇಳುವುದರಲ್ಲಿ ನಾಚಿಕೆಯೇನಿದೆ? ನಾವು ಇಲ್ಲಿ ಭಾಷಾ ಅಲ್ಪಸಂಖ್ಯಾತರು. ಅರ್ಥವಾಗದ ಕಾಗದಕ್ಕೆ ಸಹಿ ಹಾಕಿ ಜೀವನಾಂಶದ ಹಕ್ಕನ್ನೇ ಬಿಟ್ಟುಕೊಟ್ಟವರಿದ್ದಾರೆ.

ವಕೀಲರ ಫೀಸಿನ ಬಗ್ಗೆ ಎರಡೇ ಮಾತು. ಒಟ್ಟು ಎಷ್ಟು, ಯಾವ ಹಂತಕ್ಕೆ ಎಷ್ಟು, ಮೇಲ್ಮನವಿ ಸೇರಿದೆಯೋ ಇಲ್ಲವೋ ಎಂದು ಮೊದಲೇ ಬರೆಸಿಕೊಳ್ಳಿ. ಮೇಲ್ಮನವಿ ಎಂದರೆ ನಮಗೆ ಹೈಕೋರ್ಟ್ ಇರುವ ಎರ್ನಾಕುಳಂ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಹಾಗೆ ಹೇಳುತ್ತದೆ. ಕಾಸರಗೋಡಿನ ವಿದ್ಯಾನಗರದ ಜಿಲ್ಲಾ ಕೋರ್ಟಿನಲ್ಲಿ ವಿಚಾರಿಸಿ, ಇಲ್ಲವೇ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ.

ಸಾಲದ ವಿಷಯದಲ್ಲಿ ನನ್ನ ಹಳೆಯ ಕಸುಬಿನ ಮಾತು ಕೇಳಿ. ಗೃಹಸಾಲವನ್ನು ಇಬ್ಬರೂ ಸೇರಿ ತೆಗೆದಿದ್ದರೆ, ಇನ್ನು ಮುಂದೆ ಗಂಡನೇ ಕಟ್ಟತಕ್ಕದ್ದು ಎಂದು ರಾಜಿಪತ್ರದಲ್ಲಿ ಬರೆದುಕೊಂಡರೂ ಬ್ಯಾಂಕಿಗೆ ಅದು ಅನ್ವಯಿಸುವುದಿಲ್ಲ. ಬ್ಯಾಂಕು ಆ ಒಪ್ಪಂದದಲ್ಲಿ ಪಕ್ಷಗಾರನೇ ಅಲ್ಲ. ಆತ ಕಂತು ತಪ್ಪಿಸಿದರೆ ನೋಟಿಸು ಆಕೆಗೂ ಬರುತ್ತದೆ, ಆಕೆಯ ಸಿಬಿಲ್ ಸ್ಕೋರೂ, ಅಂದರೆ ಸಾಲ ತೀರಿಸುವ ನಡತೆಗೆ ಸಿಗುವ ಅಂಕವೂ, ಬೀಳುತ್ತದೆ. ಸೊಸೈಟಿಯ ಸಾಲಕ್ಕೆ ಹಾಕಿದ ಜಾಮೀನು, ಚಿಟ್ಟಿ ಎತ್ತಿದಾಗ ಹಾಕಿದ ಜಾಮೀನು ಎಲ್ಲವೂ ಹೀಗೆಯೇ. ಮದುವೆ ಮುರಿದರೂ ಜಾಮೀನು ಮುರಿಯುವುದಿಲ್ಲ. ಆದ್ದರಿಂದ ವಿಚ್ಛೇದನದ ತೀರ್ಪಿಗೆ ಮುಂಚೆಯೇ ಸಾಲವನ್ನು ತೀರಿಸಿ, ಇಲ್ಲವೇ ಒಬ್ಬರ ಹೆಸರಿಗೆ ಹೊಸದಾಗಿ ಮಾಡಿಸಿ. ಯಾವ ಯಾವ ಆಸ್ತಿಯ ಮೇಲೆ ಸಾಲವಿದೆ ಎಂದು ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರದಲ್ಲಿ ಕಾಣುತ್ತದೆ, ಅದನ್ನು ತೆಗೆಸಿ ನೋಡಿ.

ಪರಸ್ಪರ ಒಪ್ಪಿಗೆಯ ವಿಚ್ಛೇದನವೇ ಖರ್ಚು ಕಡಿಮೆಯ ದಾರಿ. ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿಯ ನಂತರ ಆರು ತಿಂಗಳು ಕಾಯಬೇಕು. ಆ ಆರು ತಿಂಗಳನ್ನು ತಕ್ಕ ಸಂದರ್ಭದಲ್ಲಿ ಕೋರ್ಟ್ ಮನ್ನಾ ಮಾಡಬಹುದು ಎಂದು 2017ರಲ್ಲಿ ತೀರ್ಪಾಗಿದೆ. ತೀರ್ಪು ಬರುವವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಅದಕ್ಕಾಗಿಯೇ ಹಣವನ್ನು ಎರಡು ಪಾಲು ಮಾಡಿ, ಒಂದನ್ನು ಅರ್ಜಿಯ ಹೊತ್ತಿಗೆ, ಇನ್ನೊಂದನ್ನು ಕೊನೆಯ ಹೇಳಿಕೆಯ ದಿನ ಡಿಮಾಂಡ್ ಡ್ರಾಫ್ಟಿನಲ್ಲಿ ಕೊಡುವ ರೂಢಿಯಿದೆ. ಇದು ಇಬ್ಬರಿಗೂ ಕ್ಷೇಮ. ಜಾಗವೋ ಮನೆಯೋ ಹೆಂಡತಿಯ ಹೆಸರಿಗೆ ಬರುವುದಿದ್ದರೆ, ಅದನ್ನು ಯಾವಾಗ ನೋಂದಾಯಿಸುವುದು ಎಂದು ಕೇಳಿಕೊಳ್ಳಿ. ಕುಟುಂಬದವರ ನಡುವಿನ ಪತ್ರಕ್ಕೆ ಕೇರಳದಲ್ಲಿ ಮುದ್ರಾಂಕ ಶುಲ್ಕ ಕಡಿಮೆ. ತೀರ್ಪಾದ ಮೇಲೆ ಅವರು ಗಂಡ ಹೆಂಡಿರಲ್ಲ. ಕ್ರಯಪತ್ರದ ದರವೇ ಬಿದ್ದರೆ ಶೇಕಡಾ 8 ಮುದ್ರಾಂಕ, ಶೇಕಡಾ 2 ನೋಂದಣಿ. 20 ಲಕ್ಷದ ಮನೆಗೆ 2 ಲಕ್ಷ ಅಲ್ಲಿಯೇ ಹೋಯಿತು.

ಮಕ್ಕಳ ಬಗ್ಗೆ ಬರೆಯುವಾಗ ಶಾಲೆಯ ಫೀಸಿಗೆ ನಿಲ್ಲಿಸಬೇಡಿ. ಜೀವನಾಂಶದ ಆದೇಶ ಸಾಮಾನ್ಯವಾಗಿ ಹದಿನೆಂಟಕ್ಕೆ ಮುಗಿಯುತ್ತದೆ. ಖರ್ಚು ಶುರುವಾಗುವುದೇ ಆಗ. ಮಂಗಳೂರಿನ ಕಾಲೇಜು, ಹಾಸ್ಟೆಲ್ಲು, ಅದಕ್ಕೆ ಯಾರು ಎಷ್ಟು ಎಂದು ಈಗಲೇ ಬರೆಯಿರಿ. ಚಿಕಿತ್ಸೆಗೂ ನಾವು ಮಂಗಳೂರನ್ನೇ ನಂಬಿದವರು. ಗಂಡನ ಕಂಪನಿಯ ಆರೋಗ್ಯ ವಿಮೆಯಿಂದ ಹೆಂಡತಿಯ ಹೆಸರು ಹೋಗುತ್ತದೆ, ಮಕ್ಕಳದು ಉಳಿಸಬಹುದು. ಉಳಿಸಬೇಕು ಎಂದು ಷರತ್ತು ಹಾಕಿ, ಆಕೆಗೆ ಪ್ರತ್ಯೇಕ ವಿಮೆ ತೀರ್ಪಿಗೆ ಮೊದಲೇ ಆಗಲಿ. ಮಕ್ಕಳ ಜೀವನಾಂಶದ ಹಕ್ಕನ್ನು ತಾಯಿ ತನ್ನ ಸಹಿಯಿಂದ ಬಿಟ್ಟುಕೊಡಲಾಗದು ಎಂಬುದೂ ನೆನಪಿರಲಿ.

ಒಟ್ಟಿಗೆ ಹಣ ತೆಗೆದುಕೊಳ್ಳುವುದೋ, ತಿಂಗಳು ತಿಂಗಳು ತೆಗೆದುಕೊಳ್ಳುವುದೋ? 10 ಲಕ್ಷ ಎಂದರೆ ಕೇಳಲು ದೊಡ್ಡದು. ಶೇಕಡಾ 7ರ ಬಡ್ಡಿಗೆ ಇಟ್ಟರೆ ತಿಂಗಳಿಗೆ 5,833 ರೂಪಾಯಿ. ಮನೆ ಬಾಡಿಗೆಯೂ ಆಗಲಿಲ್ಲ. ಆದರೂ ಕೊಡುವವರ ಮಾತಿನ ಮೇಲೆ ನಂಬಿಕೆಯಿಲ್ಲದಿದ್ದರೆ, ಆತ ಗಲ್ಫಿನಲ್ಲಿದ್ದರೆ, ನಾನು ಒಟ್ಟು ಹಣವನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಆ ಹಣ ಬಂದ ವಾರವೇ ತವರಿನಲ್ಲಿ ಬೇಡಿಕೆಗಳು ಹುಟ್ಟುತ್ತವೆ. ಅಣ್ಣನಿಗೆ ಪಿಕಪ್ ಗಾಡಿ, ತಂದೆಯ ಮನೆಗೆ ಇನ್ನೊಂದು ಮಾಳಿಗೆ. ತಂದೆಯ ಜಾಗದ ಮೇಲೆ ನಿಮ್ಮ ಹಣದಿಂದ ಕಟ್ಟಿದ ಮನೆ ನಿಮ್ಮದಾಗುವುದಿಲ್ಲ. ಗಂಡನ ಮನೆಯಲ್ಲಿ ಆದದ್ದು ತವರಿನಲ್ಲಿಯೂ ಆಗುವುದು ಬೇಡ. ಮೊದಲು ಐದು ಸೆಂಟ್ಸಾದರೂ ನಿಮ್ಮ ಹೆಸರಿಗೆ ಬರೆಸಿಕೊಳ್ಳಿ, ಆಮೇಲೆ ಕಲ್ಲು ಇಳಿಸಿ.

ಮುಸ್ಲಿಂ ಸೋದರಿಯರು ತಮಗೇನು ಹಕ್ಕಿದೆ ಎಂದು ಕೇಳಿದ್ದೀರಿ. ಮದುವೆಯಲ್ಲಿ ಗಂಡ ಕೊಡಲು ಒಪ್ಪಿದ ಮಹರ್ ನಿಮ್ಮದು. ಅದರ ಜೊತೆಗೆ ಮುಂದಿನ ಬದುಕಿಗೂ ಸಾಕಾಗುವಷ್ಟು ನ್ಯಾಯವಾದ ಏರ್ಪಾಡನ್ನು ಇದ್ದತ್ (ವಿಚ್ಛೇದನದ ನಂತರ ಹೆಣ್ಣು ಕಾಯಬೇಕಾದ) ಅವಧಿಯೊಳಗೆ ಮಾಡಬೇಕೆಂದು 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಲ್ಲ ಧರ್ಮದವರಿಗೂ ಇರುವ ಜೀವನಾಂಶದ ಕಲಂ, ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 125, ಈಗ ಅದರ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144, ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಅನ್ವಯಿಸುತ್ತದೆ ಎಂದು 2024ರ ಜುಲೈನಲ್ಲಿ ಮತ್ತೊಮ್ಮೆ ತೀರ್ಪಾಗಿದೆ. ಕ್ರೈಸ್ತರಿಗೆ ಚರ್ಚಿನ ತೀರ್ಮಾನ ಬೇರೆ, ಕೋರ್ಟಿನದು ಬೇರೆ. ಜೀವನಾಂಶಕ್ಕೆ ಕೋರ್ಟಿನದೇ ಬೇಕು.

ಹಿಂದಿನ ಸಾಲಿನಲ್ಲಿ ಕುಳಿತ ಗಂಡಸರೊಬ್ಬರು, ಕೊಡುವವರ ಕಷ್ಟವನ್ನೂ ಹೇಳಿ ಎಂದು ಚೀಟಿ ಕಳುಹಿಸಿದ್ದಾರೆ. ನ್ಯಾಯವಾದ ಮಾತು. ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನ ಅಡಿಯಲ್ಲಿ ಆದಾಯವಿಲ್ಲದ ಗಂಡನೂ ಜೀವನಾಂಶ ಕೇಳಬಹುದು. ಎರಡು ಕೋರ್ಟುಗಳಲ್ಲಿ ಎರಡು ಜೀವನಾಂಶದ ಆದೇಶವಾದರೆ ಒಂದರಲ್ಲಿ ಕೊಟ್ಟದ್ದನ್ನು ಇನ್ನೊಂದರಲ್ಲಿ ಹೊಂದಿಸಿಕೊಳ್ಳಲು ಅವಕಾಶವಿದೆ, ಹಿಂದಿನ ಆದೇಶವನ್ನು ತಿಳಿಸಬೇಕು ಅಷ್ಟೇ. ನಗದಾಗಿ ಒಂದು ರೂಪಾಯಿಯನ್ನೂ ಕೊಡಬೇಡಿ. ಮಗಳ ಕೈಯಲ್ಲಿ ಲಕೋಟೆ ಕಳುಹಿಸಿ ಆಮೇಲೆ ಕೊಟ್ಟೆ ಎಂದರೆ ಯಾರು ನಂಬುತ್ತಾರೆ? ಖಾತೆಗೆ ಹಾಕಿ, ಯಾವ ತಿಂಗಳಿನದೆಂದು ಬರೆಯಿರಿ. ಕೆಲಸ ಹೋದರೆ, ಕಾಯಿಲೆ ಬಿದ್ದರೆ, ಮೊತ್ತ ಇಳಿಸಿ ಎಂದು ಅರ್ಜಿ ಹಾಕಿ. ಸುಮ್ಮನೆ ಕಟ್ಟುವುದನ್ನು ನಿಲ್ಲಿಸಿದರೆ ಬಾಕಿ ಬೆಳೆಯುತ್ತದೆ, ತಪ್ಪಿದ ಕಂತಿಗೆ ಒಂದು ತಿಂಗಳವರೆಗೆ ಜೈಲೂ ಆಗಬಹುದು.

ತೀರ್ಪು ಬಂದ ಮೇಲಿನ ಕೆಲಸಗಳು. ಪಿಎಫ್, ವಿಮೆ, ಬ್ಯಾಂಕ್ ಖಾತೆ, ಸೊಸೈಟಿಯ ಠೇವಣಿ, ಎಲ್ಲದರಲ್ಲೂ ನಾಮಿನಿಯ ಹೆಸರು ಬದಲಾಯಿಸಿ. ತಾನಾಗಿ ಬದಲಾಗುತ್ತದೆ ಎಂದುಕೊಳ್ಳಬೇಡಿ. ರೇಷನ್ ಕಾರ್ಡನ್ನು ಬೇರೆ ಮಾಡಿಸಿ. ನಿಮ್ಮ ಈಗಿನ ಆದಾಯದ ಮೇಲೆ ಬಡವರಿಗಿರುವ ಹಳದಿಯೋ ಗುಲಾಬಿಯೋ ಕಾರ್ಡು ಸಿಗಬಹುದು, ಅದರಿಂದ ಬೇರೆ ಸವಲತ್ತುಗಳ ಬಾಗಿಲೂ ತೆರೆಯುತ್ತದೆ. 144ನೇ ಕಲಮಿನ ಆದೇಶದಂತೆ ಜೀವನಾಂಶ ಬಾರದಿದ್ದರೆ, ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಲೇಬೇಕು. ವರ್ಷ ದಾಟಿದ ಬಾಕಿಗೆ ಆ ಕಲಮಿನಲ್ಲಿ ವಾರಂಟ್ ಹೊರಡುವುದಿಲ್ಲ. ಹಬ್ಬ ಮುಗಿಯಲಿ, ಪರೀಕ್ಷೆ ಮುಗಿಯಲಿ, ಆತ ಗಲ್ಫಿನಿಂದ ಬರಲಿ ಎಂದು ಕಾಯುತ್ತಾ ಹದಿಮೂರನೆಯ ತಿಂಗಳಿಗೆ ಬರುವವರನ್ನು ನೋಡುತ್ತಲೇ ಇದ್ದೇನೆ. ಪಾಸ್‌ಬುಕ್ಕನ್ನು ಪ್ರತಿ ತಿಂಗಳು ಮುದ್ರಿಸಿ ತನ್ನಿ, ಎರಡು ತಿಂಗಳು ಹಣ ಬೀಳದಿದ್ದರೆ ಮೂರನೆಯ ತಿಂಗಳು ಆ ಪಾಸ್‌ಬುಕ್ಕಿನ ಪ್ರತಿಯನ್ನು ಹಿಡಿದುಕೊಂಡು ವಿದ್ಯಾನಗರದ ಬಸ್ಸು ಹತ್ತಿ.